ಗೇರುಹಣ್ಣು ಮತ್ತು ಸೌದೆಯ ಲೆಕ್ಕ

ಕುಮಟೆಯ ಸಂತೆಗುಳಿಯಂಥ ಊರುಗಳ ಬೇಣಗಳಲ್ಲಿ ಬೀಜವನ್ನು ತಿರುಚಿಕೊಂಡ ಮೇಲೆ ಗೇರುಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಬೀಜಕ್ಕಿಂತ ಹಲವು ಪಟ್ಟು ತೂಗುವ ಭಾಗವದು! ಗೋವೆಯವರು ಅದರ ರಸವನ್ನು ಹುಳಿಬರಿಸಿ, ಬಟ್ಟಿಯಿಳಿಸಿ ಫೆನಿ ಮಾಡುತ್ತಾರೆ. 2009ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಹುಳಿಬರಲು ಬೆಂಕಿ ಬೇಡ, ಹಣ್ಣಿನ ಮೈಮೇಲಿನ ಯೀಸ್ಟೇ ಸಾಕು. ಸೌದೆಯನ್ನು ನುಂಗುವುದು ಬಟ್ಟಿಯ ಒಲೆ.

'ಸಣ್ಣ ಘಟಕ, ಪರಿಸರಸ್ನೇಹಿ' ಎಂಬ ಹಲಗೆ ತೂಗುಹಾಕುವವರನ್ನು ಮೊದಲು ಕೇಳಬೇಕಾದದ್ದು: ಒಲೆಗೆ ಯಾವ ಕಾಡು? ಬಿಯರ್ ತಯಾರಿಕೆಯೂ ಇದಕ್ಕೆ ಹೊರತಲ್ಲ. ಅಲ್ಲಿಯೂ ಕುದಿಸಬೇಕು, ತಣಿಸಬೇಕು, ಲೀಟರೊಂದಕ್ಕೆ ಹಲವು ಲೀಟರ್ ನೀರು ಬೇಕು. (ಪಾನದ ಗುಣದೋಷ ಬೇರೆಯೇ ಚರ್ಚೆ.)

ಪರವಾನಗಿಯಿಲ್ಲದ ಬಟ್ಟಿ ನಮ್ಮಲ್ಲಿ ಅಪರಾಧ. ಅದೇ ಹುಳಿರಸವನ್ನು ಗಾಳಿಯಾಡುವಂತೆ ಕೆಲವು ವಾರ ಇಟ್ಟರೆ ಒಲೆಯಿಲ್ಲದೆಯೇ ವಿನೆಗರ್ ಆಗುತ್ತದೆ; ಹಿಂಡಿದ ಸಿಪ್ಪೆ ಗೊಬ್ಬರದ ಗುಂಡಿಗೆ. ಹಣ್ಣು ಮಾತ್ರ ಕಾಯುವುದಿಲ್ಲ, ಬೆಳಗ್ಗೆ ಆಯ್ದದ್ದನ್ನು ಸಂಜೆಯೊಳಗೆ ಹಿಂಡಬೇಕು.