ಕಲ್ಲಚ್ಚಿನಲ್ಲೊಂದು ಮುಷ್ಟಿಕಾಳಗ

ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲ. ನಾನು ಹೇಳುತ್ತ ಹೋಗುತ್ತೇನೆ. ತಾವು ಮನಸ್ಸಿನಲ್ಲೇ ಬರೆದುಕೊಳ್ಳಬೇಕು.

ಹಿನ್ನೆಲೆಯಲ್ಲಿ ಕತ್ತಲು. ಸುತ್ತ ಹಗ್ಗ ಬಿಗಿದ ಕಣದ ಮೇಲೆ ಮಾತ್ರ ಬೆಳಕು. ಒಬ್ಬ ಮಲ್ಲ ಕಾಲೂರಿ ತೋಳು ಬೀಸಿದ್ದಾನೆ. ಇನ್ನೊಬ್ಬ ಹಗ್ಗಗಳ ನಡುವಿನಿಂದ ಹಿಂದಕ್ಕೆ ಮಗುಚಿ ಜನರ ಮೇಲೆ ಬೀಳುತ್ತಿದ್ದಾನೆ. ಕೆಳಗಿನವರು ಕೈಯೆತ್ತಿದ್ದಾರೆ. ನಾವೂ ಅವರ ನಡುವೆಯೇ ಕುಳಿತಂತಿದೆ.

ಇದು ಅಮೆರಿಕದ ಜಾರ್ಜ್ ಬೆಲೋಸ್ 1923–24ರಲ್ಲಿ ರಚಿಸಿದ ‘ಡೆಂಪ್ಸಿ ಮತ್ತು ಫಿರ್ಪೊ’ ಎಂಬ ಕಲ್ಲಚ್ಚು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ ಮಸಿ ಹಚ್ಚಿದರೆ, ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. 1843ರಲ್ಲಿ ನಮ್ಮ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲೇ ಹೊರಟಿತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುವುದರಿಂದ ಚಿತ್ರಕಾರನು ಎಲ್ಲವನ್ನೂ ತಿರುವುಮುರುವಾಗಿಯೇ ಬರೆಯಬೇಕು!

1923ರ ಸೆಪ್ಟೆಂಬರ್ 14ರ ರಾತ್ರಿ ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಸುಮಾರು 80,000 ಜನ ನೆರೆದಿದ್ದರು. ವಿಶ್ವವಿಜೇತ ಜ್ಯಾಕ್ ಡೆಂಪ್ಸಿಗೆ ಎದುರಾಳಿ ಅರ್ಜೆಂಟೀನದ ಲೂಯಿಸ್ ಫಿರ್ಪೊ. ಮೊದಲ ಸುತ್ತಿನಲ್ಲೇ ಫಿರ್ಪೊ ಏಳು ಸಲ ನೆಲಕ್ಕೆ ಬಿದ್ದ. ಆದರೂ ಎದ್ದು ಡೆಂಪ್ಸಿಯನ್ನು ಕಣದಿಂದಾಚೆಗೆ ಕೆಡವಿದ. ಡೆಂಪ್ಸಿ ಬಿದ್ದದ್ದು ಪತ್ರಕರ್ತರ ಮೇಲೆ. ಅವರೇ ಅವನನ್ನು ಮೇಲಕ್ಕೆ ತಳ್ಳಿದರು. ಎರಡನೆಯ ಸುತ್ತಿನಲ್ಲಿ ಫಿರ್ಪೊ ಸೋತ. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಲ್ಲ.

ಚಿತ್ರವನ್ನಷ್ಟೇ ಕಂಡವರು ಗೆದ್ದವನು ಫಿರ್ಪೊ ಎಂದೇ ತಿಳಿದಾರು. ಬೆಲೋಸ್ ಸುಳ್ಳು ಬರೆದಿಲ್ಲ, ನಡೆದುದನ್ನೇ ಬರೆದ. ಗೆದ್ದವನ ಗೆಲವನ್ನು ಬಿಟ್ಟು ಬೀಳನ್ನು ಆರಿಸಿಕೊಂಡ, ಅಷ್ಟೆ. ರನ್ನನ ಗದಾಯುದ್ಧವನ್ನು ಓದಿ ದುರ್ಯೋಧನನಿಗಾಗಿ ಮರುಗುವ ನಮಗೆ ಇದು ತೀರ ಹೊಸತೇನಲ್ಲ.

ನನ್ನ ಕಣ್ಣು ನಿಲ್ಲುವುದು ಮಾತ್ರ ಆ ಎತ್ತಿದ ಕೈಗಳ ಮೇಲೆ. ಬಿದ್ದವನು ಪರರ ನೆರವಿಲ್ಲದೆ ಏಳಬೇಕೆಂಬುದು ಮುಷ್ಟಿಕಾಳಗದ ನಿಯಮ. ಹಾಗಾದರೆ ಆ ಕೈಗಳು ಮಾಡಿದ್ದು ನ್ಯಾಯವೆ? ಬೆಲೋಸ್ ಅಂದು ಪತ್ರಿಕೆಯೊಂದರ ಪರವಾಗಿ ಕಣದ ಬಳಿಯಲ್ಲೇ ಇದ್ದ. ಡೆಂಪ್ಸಿ ತನ್ನ ಮಡಿಲಿಗೇ ಬಿದ್ದನೆಂದೂ, ಬೈದು ಮತ್ತೆ ಕಣಕ್ಕೆ ಸೇರಿಸಿದೆನೆಂದೂ ಪತ್ರದಲ್ಲಿ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಚಿತ್ರದಲ್ಲೋ, ಎಡ ಅಂಚಿನ ಬೋಳುತಲೆಯವನೇ ಬೆಲೋಸ್ ಎನ್ನುತ್ತಾರೆ. ಮಡಿಲಿನ ಮಾತನ್ನು ಪತ್ರಕ್ಕೆ ಬಿಟ್ಟು ತಾನು ಅಂಚಿಗೆ ಸರಿದುಕೊಂಡ!

ಅರ್ಜೆಂಟೀನದಲ್ಲಿ ಸೆಪ್ಟೆಂಬರ್ 14 ಇಂದಿಗೂ ಮುಷ್ಟಿಮಲ್ಲರ ದಿನ. ಅಂದು ಗೆದ್ದವನು ಫಿರ್ಪೊ ಎಂದು ವಾದಿಸುವವರು ಅಲ್ಲಿ ಈಗಲೂ ಇದ್ದಾರೆ.