ಚಿಪ್ ಕಿರಿದಾಯಿತು, ನೆಪ ಕಿರಿದಾಗಲಿಲ್ಲ!



ಪ್ರೆಸ್ ನಡೆಸುವವನು ಕಂಪ್ಯೂಟರ್ ಚಿಪ್ ಬಗ್ಗೆ ಏನು ಹೇಳಿಯಾನು ಎಂದುಕೊಳ್ಳಬೇಡಿ. ಚಿಪ್ ಮಾಡುವುದೂ ಮುದ್ರಣವೇ! ನಮ್ಮ ಆಫ್‌ಸೆಟ್ ಪ್ಲೇಟಿಗೆ ಬೆಳಕು ತಾಗಿದರೆ ಬದಲಾಗುವ ಲೇಪ ಇರುತ್ತದೆ. ಮೇಲೆ ಫಿಲ್ಮ್ ಇಟ್ಟು, ಬೆಳಕು ಬಿಟ್ಟು, ತೊಳೆದರೆ ಅಕ್ಷರ ಮೂಡುತ್ತದೆ. ಅಲ್ಲಿ ಪ್ಲೇಟಿನ ಬದಲು ಸಿಲಿಕಾನ್ ಬಿಲ್ಲೆ, ಅಕ್ಷರದ ಬದಲು ಟ್ರಾನ್ಸಿಸ್ಟರ್. ಹೆಸರೂ ನಮ್ಮ ಕಸುಬಿನದೇ: ಲಿಥೋಗ್ರಫಿ, ಅಂದರೆ ಕಲ್ಲಚ್ಚು. ಬೆಳಕಿನ ಅಲೆ ಕಿರಿದಾದಷ್ಟೂ ಗೆರೆ ಸಣ್ಣದು. ನೆದರ್ಲೆಂಡ್ಸಿನ ಎಎಸ್ಎಂಎಲ್ ಕಂಪನಿಯ ಯಂತ್ರಗಳಲ್ಲಿ ಆ ಅಲೆ 13.5 ನ್ಯಾನೋಮೀಟರಿಗೆ ಇಳಿದಿದೆ. ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್!

1971ರ ಇಂಟೆಲ್ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. 2020ರ ಆಪಲ್ ಎಂ1ನಲ್ಲಿ 1,600 ಕೋಟಿ. ಅದನ್ನು '5 ನ್ಯಾನೋಮೀಟರ್' ಚಿಪ್ ಎನ್ನುತ್ತಾರೆ. ಅದು ಈಗ ಅಳತೆಯಲ್ಲ, ಪೀಳಿಗೆಯ ಹೆಸರು ಅಷ್ಟೆ. ವ್ಯಾಪಾರದ ಮಾತು ಎಲ್ಲ ಕಡೆ ಒಂದೇ!

ಇದರಿಂದ ಏನಾಯಿತು? ಕಿವಿ ಕೇಳದವರ ಯಂತ್ರ ಕಿವಿಯೊಳಗೇ ಕೂತಿತು. ಮೆಟ್ರೋ ಕಾರ್ಡಿನೊಳಗೆ ಚಿಪ್ ಬಂತು. ಆಡಿದ ಮಾತನ್ನು ಬರಹ ಮಾಡುವ ಕೆಲಸ ಕೈಯಲ್ಲಿನ ಫೋನಿನಲ್ಲೇ ಆಗುತ್ತಿದೆ. ನಾಳೆ ರೈತನ ಪಂಪ್‌ಸೆಟ್ಟೂ ಮಾತಾಡಬಹುದು. ಯಾವ ಭಾಷೆಯಲ್ಲಿ?

ಹಿಂದೆ ನಮಗೆ ಹೇಳುತ್ತಿದ್ದ ನೆಪ, ಜಾಗ ಸಾಲದು ಎಂದು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಮೊಳೆ ಜೋಡಿಸುವ ಕಾಲದಲ್ಲಿ ಗುಣಿತ, ಒತ್ತಕ್ಷರಗಳಿಗೆಂದು ಕನ್ನಡಕ್ಕೆ ಹೆಚ್ಚು ಖಾನೆ ಬೇಕಿತ್ತು. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ 70. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ 3. ಆಗಲಿ, ಮೂರು ಪಟ್ಟು. ಟ್ರಾನ್ಸಿಸ್ಟರ್ ಸುಮಾರು 70 ಲಕ್ಷ ಪಟ್ಟು ಹೆಚ್ಚಿದ ಮೇಲೂ ಮೂರು ಪಟ್ಟಿನ ಲೆಕ್ಕ ಒಪ್ಪಿಸುವವರಿಗೆ ನಾಚಿಕೆ ಬೇಡವೇ?

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಹಿಂದೆಯೇ ಇನ್ನೂ ಎಷ್ಟೋ ಕಂಪನಿಗಳು ಬಂದವು. ಜಗತ್ತಿನ ಚಿಪ್‌ಗಳ ವಿನ್ಯಾಸ ನಮ್ಮ ನೆಲದಲ್ಲಿ, ನಮ್ಮ ನೀರು ಕುಡಿದು ನಡೆಯುತ್ತಿದೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. ಇನ್ನೇನು ಬೇಕು?

ಕನ್ನಡ ತೋರಿಸದ ಯಂತ್ರ ಕಂಡಲ್ಲಿ ಬಾಯಲ್ಲಿ ಬೈದು ಬರಬೇಡಿ. ಬರೆದು ದೂರು ಕೊಡಿ, ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಎಂಜಿನಿಯರಿಂಗ್ ಓದುವವರೇ, ಯಂತ್ರಕ್ಕೆ ಕನ್ನಡ ಕಲಿಸುವಾಗ ಬೆಂಗಳೂರಿನ ಮಾತನ್ನಷ್ಟೇ ಕೇಳಿಸಬೇಡಿ. ಧಾರವಾಡದ್ದು, ಕುಂದಾಪುರದ್ದು, ಮಂಡ್ಯದ್ದೂ ಅದರ ಕಿವಿಗೆ ಬೀಳಲಿ.