ನಿಂತ ಗಾಡಿಯ ಉಸಿರಾಟ

(ವಿದ್ಯಾರ್ಥಿಗಳ ಪರಿಸರ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಅಡಿಕೆಯ ಕೊಳೆರೋಗಗಳ ಕುರಿತು ಮಾತನಾಡಬೇಕಾದ ಕೃಷಿ ವಿಜ್ಞಾನಿಯೊಬ್ಬ ಕಾರಿನ ಇಂಜಿನ್ನಿನ ವಿಷಯ ಎತ್ತಿಕೊಂಡಿರುವುದು ನಿಮಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಿದೆ. ಒಂದು ಮಳೆಗಾಲದಲ್ಲಿ, ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ನಿಲ್ಲಿಸಿದ್ದ ನನ್ನ ಹಳೆಯ ಕಾರು ವಿಚಿತ್ರವಾಗಿ ವರ್ತಿಸತೊಡಗಿತು. ಓಡುವಾಗ ಸರಿಯಿರುತ್ತಿತ್ತು, ನಿಂತಾಗ ಮಾತ್ರ ನಡುಗುತ್ತಿತ್ತು, ಒಮ್ಮೊಮ್ಮೆ ಆರಿಹೋಗುತ್ತಿತ್ತು. ಸ್ಟೀರಿಂಗ್ ಮುಂದಿನ ಫಲಕದಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತ್ತು. ಪೇಟೆಯ ಮೆಕ್ಯಾನಿಕ್ ಒಬ್ಬರು, "ಈ ಸೆನ್ಸರ್‌ಗಳದ್ದೇ ತಲೆನೋವು ಸಾರ್. ಸೈಲೆನ್ಸರ್ ಹತ್ತಿರದ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿಬಿಡಿ, ಆ ಲೈಟ್ ಬರದ ಹಾಗೆ ನಾನು ಮಾಡಿಕೊಡ್ತೀನಿ" ಎಂದರು. ಒಪ್ಪಿಕೊಳ್ಳುವ ಮೊದಲು, ತೆಗೆಯಬೇಕೆಂದು ಹೇಳುತ್ತಿರುವ ವಸ್ತುವಾದರೂ ಏನು ಕೆಲಸ ಮಾಡುತ್ತದೆ ಎಂದು ತಿಳಿಯಬೇಕೆನಿಸಿತು. ಆಗ ಕಲಿತದ್ದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಎಲೆಯ ಮೈಮೇಲಿನ ಪತ್ರರಂಧ್ರಗಳನ್ನು ನೀವು ಪಾಠದಲ್ಲಿ ಓದಿದ್ದೀರಿ. ಬೆಳಕು ಎಷ್ಟಿದೆ, ಬೇರಿನಲ್ಲಿ ನೀರು ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಅವು ತೆರೆದು ಮುಚ್ಚುತ್ತವೆ. ಇಂಜಿನ್ನಿಗೂ ಇಂಥದೇ ಎಚ್ಚರ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರೆಬೆಂದ ಇಂಧನದ ಜೊತೆಗೆ ಇಂಗಾಲದ ಮಾನಾಕ್ಸೈಡ್ ಹೊರಬರುತ್ತದೆ. ಗಾಳಿ ಅತಿಯಾದರೆ ಬೆಂಕಿ ಸರಿಯಾಗಿ ಹತ್ತದೆ ಇಂಜಿನ್ ನಡುಗುತ್ತದೆ.

ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಳಿಯ ಬಾಗಿಲಾದ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಆದರೂ ಇಂಜಿನ್ ಆರದೆ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತಿರಬೇಕು. ಇದನ್ನೇ ಐಡ್ಲಿಂಗ್ ಎನ್ನುತ್ತೇವೆ. ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಮುಚ್ಚಿದ ತಟ್ಟೆಯ ಪಕ್ಕದಲ್ಲೊಂದು ಕಿರುದಾರಿಯಿದ್ದು, ಅದರ ವಾಲ್ವು ಬೇಕಾದಷ್ಟೇ ಗಾಳಿಯನ್ನು ಬಿಡುತ್ತದೆ. ಹೊಸ ಕಾರುಗಳಲ್ಲಿ ಸಣ್ಣ ಮೋಟರೊಂದು ತಟ್ಟೆಯನ್ನೇ ಕೂದಲೆಳೆಯಷ್ಟು ತೆರೆದಿಡುತ್ತದೆ.

ಎಷ್ಟು ತೆರೆಯಬೇಕೆಂದು ನಿರ್ಧರಿಸುವುದು ಇಸಿಯು ಎಂಬ ಗಣಕ. ಇಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ತಂಪು ಮಾಡುವ ನೀರು ಎಷ್ಟು ಬಿಸಿಯಾಗಿದೆ, ಕಾಲು ಪೆಡಲಿನ ಮೇಲಿದೆಯೇ ಎಂಬುದನ್ನೆಲ್ಲ ಬೇರೆ ಬೇರೆ ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ. ಒಳಬರುವ ಗಾಳಿಯ ಪ್ರಮಾಣವನ್ನು ಕೆಲವು ಕಾರುಗಳಲ್ಲಿ ನೇರವಾಗಿ ಅಳೆಯುತ್ತಾರೆ. ಇನ್ನು ಕೆಲವದರಲ್ಲಿ ಕೊಳವೆಯೊಳಗಿನ ಒತ್ತಡದಿಂದ ಲೆಕ್ಕ ಹಾಕುತ್ತಾರೆ. ಈ ವರದಿಗಳಿಗೆ ತಕ್ಕಂತೆ ಇಂಜೆಕ್ಟರ್ ಪ್ರತಿ ಸಲ ಕೆಲವೇ ಮಿಲಿಸೆಕೆಂಡು ತೆರೆದು ಪೆಟ್ರೋಲ್ ಚಿಮ್ಮಿಸುತ್ತದೆ. ಚಳಿಯ ಮುಂಜಾನೆ ಇಂಜಿನ್ ತುಸು ಜೋರಾಗಿ ತಿರುಗುವುದೂ, ಬಿಸಿಯಾದಂತೆ ತಾನೇ ತಣ್ಣಗಾಗಿ ಮೆಲ್ಲಗಾಗುವಂತೆ ಕೇಳುವುದೂ ಈ ಲೆಕ್ಕಾಚಾರದಿಂದಲೇ. ಹಿಂದೆ ಚೋಕ್ ಎಳೆದು ನಾವು ಕೈಯಾರೆ ಮಾಡುತ್ತಿದ್ದ ಕೆಲಸವಿದು.

ಘಟ್ಟದವರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಮಂಗಳೂರಿನ ಕಡಲತೀರಕ್ಕೆ ಹೋಲಿಸಿದರೆ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿಯ ಒತ್ತಡ ಐದನೇ ಒಂದು ಪಾಲಿನಷ್ಟು ಕಡಿಮೆ. ಕಾರ್ಬುರೇಟರಿಗೆ ಇದು ಅರಿವಾಗದೆ, ಮೇಲೇರಿದಂತೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರುತ್ತಿತ್ತು. ಸೆನ್ಸರ್ ಇರುವ ಇಂಜಿನ್ ಗಾಳಿ ತೆಳುವಾದುದನ್ನು ಗ್ರಹಿಸಿ ಪೆಟ್ರೋಲನ್ನೂ ಇಳಿಸುತ್ತದೆ.

ಇಷ್ಟೆಲ್ಲ ಲೆಕ್ಕ ಸರಿಯಾಯಿತೇ ಎಂದು ಪರೀಕ್ಷಿಸುವುದು ಹೊಗೆಯ ಕೊಳವೆಯಲ್ಲಿ ಕುಳಿತ ಆಮ್ಲಜನಕ ಸೆನ್ಸರ್. ಬಾಷ್ ಸಂಸ್ಥೆಯ ಈ ಸಾಧನ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಮೊದಲು ಬಳಕೆಗೆ ಬಂತು. ಅದರೊಳಗಿನ ಜಿರ್ಕೋನಿಯಾ ಸುಮಾರು 300 ಡಿಗ್ರಿಗೆ ಕಾದಮೇಲೆ ಕೆಲಸ ಮಾಡುತ್ತದೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1 ವೋಲ್ಟಿನ ಆಸುಪಾಸಿನ ಸಂಜ್ಞೆ ಕೊಡುತ್ತದೆ. ಅದನ್ನು ನೋಡಿ ಗಣಕ ಮತ್ತೆ ಮತ್ತೆ ತಿದ್ದಿಕೊಳ್ಳುತ್ತದೆ. ಅನುಪಾತ ಹೀಗೆ ಹದದಲ್ಲಿದ್ದರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಮೂರು ವಿಷಗಳನ್ನು, ಅಂದರೆ ಇಂಗಾಲದ ಮಾನಾಕ್ಸೈಡ್, ಉರಿಯದ ಇಂಧನ, ಸಾರಜನಕದ ಆಕ್ಸೈಡುಗಳನ್ನು ಒಟ್ಟಿಗೆ ತಗ್ಗಿಸಬಲ್ಲದು. ಮೆಕ್ಯಾನಿಕ್ ಕಿತ್ತುಹಾಕಲು ಹೇಳಿದ್ದು ಇದನ್ನೇ.

ಕೊನೆಗೆ ಸಿಕ್ಕ ರೋಗವಾದರೂ ಏನು? ಇಲಿಯೊಂದು ರಬ್ಬರ್ ಕೊಳವೆಯನ್ನು ಕಡಿದಿತ್ತು! ನನ್ನ ಕಾರಿನಲ್ಲಿದ್ದುದು ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್. ಅದರ ಕಣ್ಣು ತಪ್ಪಿಸಿ ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತಿತ್ತು. ಓಡುವಾಗ ಒಟ್ಟು ಗಾಳಿಯೇ ಬಹಳವಿರುವುದರಿಂದ ಆ ಸೋರಿಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ನಿಂತಾಗ ಅದೇ ದೊಡ್ಡ ಪಾಲಾಗುತ್ತಿತ್ತು. ಗಣಕ ತಿದ್ದಲು ಯತ್ನಿಸಿ, ಸೋತು, ದೀಪ ಹೊತ್ತಿಸಿತ್ತು. ಗೇಣುದ್ದದ ಹೊಸ ಕೊಳವೆ ಹಾಕಿಸಿದ ಮೇಲೆ ಕಾರು ಗುಣವಾಯಿತು. ದೂರು ಹೇಳಿದವನ ಬಾಯಿ ಮುಚ್ಚಿಸಿದ್ದರೆ ರೋಗ ಹಾಗೆಯೇ ಉಳಿಯುತ್ತಿತ್ತು.

ಮಿತ್ರರೇ, ಸೆನ್ಸರ್‌ಗಳಿವೆ ಎಂದು ನಾವು ಮೈಮರೆಯುವಂತಿಲ್ಲ. ಕನ್ವರ್ಟರ್ ಕಾಯುವವರೆಗೆ ಹೊಗೆ ಬಹುಮಟ್ಟಿಗೆ ಶುದ್ಧವಾಗದೆಯೇ ಹೊರಬರುತ್ತದೆ. ಆದ್ದರಿಂದ ಬೆಳಿಗ್ಗೆ ಗಾಡಿಯನ್ನು ಬಹಳ ಹೊತ್ತು ನಿಂತಲ್ಲೇ ಬಿಸಿ ಮಾಡುವುದಕ್ಕಿಂತ ಮೆಲ್ಲಗೆ ಓಡಿಸಿಕೊಂಡು ಹೋಗುವುದು ಲೇಸು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಇಂಜಿನ್ ಚಾಲೂ ಇಡಲೇಬೇಡಿ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು ಪ್ರಾಣ ತೆಗೆಯಬಲ್ಲದು.

ಗಿರಿಶಿಖರಗಳ ಬಳಿ ಎಸಿಗಾಗಿ ಗಾಡಿ ಆರಿಸದೆ ಕುಳಿತಿರುವ ಪ್ರವಾಸಿಗರನ್ನು ನೀವು ಕಂಡಿದ್ದೀರಿ. ಎಸಿ ಇಲ್ಲದೆಯೂ ಸಣ್ಣ ಕಾರೊಂದು ನಿಂತಲ್ಲೇ ಗಂಟೆಗೆ ಅರ್ಧ ಲೀಟರಿನಷ್ಟೋ ಅದಕ್ಕಿಂತ ಹೆಚ್ಚೋ ಪೆಟ್ರೋಲ್ ಕುಡಿಯುತ್ತದೆ. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ; ಇದನ್ನು ಯಾವ ಕನ್ವರ್ಟರೂ ತಡೆಯಲಾರದು. ಅದಕ್ಕಿರುವ ಮದ್ದು ಕೀಲಿ ತಿರುಗಿಸಿ ಇಂಜಿನ್ ಆರಿಸುವುದೊಂದೇ. ಮುಂದಿನ ಸಲ ಅಂಥ ಗಾಡಿ ಕಂಡರೆ ಜಗಳವಾಡಬೇಡಿ; ಹತ್ತಿರ ಹೋಗಿ, ವಿನಯದಿಂದ, ಇಷ್ಟು ಲೆಕ್ಕ ಹೇಳಿ.